ಗೂಗಲ್ ನೋಡದೆ ಒಂದು ಸಾಲೂ ಬರೆಯಲಾಗಲ್ಲ, ನಾನೂ ಪ್ರೋಗ್ರಾಮರಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಕೇಳುವವರು ಬೇರೆ, ಮಾತು ಅದೇ: "ಸರ್, ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು, ಈಗಲೂ ಒಂದು ತಾರೀಕು ಫಾರ್ಮ್ಯಾಟ್ ಮಾಡೋಕೆ ಗೂಗಲ್ ಬೇಕು. ನನಗೇನೂ ಬರಲ್ಲ ಅಂತ ಒಂದಿನ ಎಲ್ಲರಿಗೂ ಗೊತ್ತಾಗಿಬಿಡುತ್ತೆ ಅಂತ ಭಯ."

ಹೌದು, ನೀವು ಪ್ರೋಗ್ರಾಮರೇ. ಈ ಭಯವೂ ಹೊಸದಲ್ಲ. ಪಾಲೀನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಇದಕ್ಕೆ 'ಇಂಪಾಸ್ಟರ್' (ಅಂದರೆ ಸೋಗು ಹಾಕಿದವರು) ಎಂಬ ಹೆಸರಿಟ್ಟು ಬರೆದಿದ್ದಾರೆ.

ನನಗೆ ರೇಗುವುದು ಇದರ ಹಿಂದಿರುವ ನಂಬಿಕೆಯ ಮೇಲೆ: ನೆನಪಿದ್ದರೆ ಮಾತ್ರ ಗೊತ್ತಿದ್ದ ಹಾಗೆ. ಇದು ನಮಗೆ ಅಂಟಿದ್ದು ಲ್ಯಾಬ್ ಪರೀಕ್ಷೆಯಿಂದ. ಚೀಟಿ ಎತ್ತಬೇಕು, ಬಂದ ಪ್ರೋಗ್ರಾಮನ್ನು ಹಾಳೆಯಲ್ಲಿ ಬರೆಯಬೇಕು, ಆಮೇಲೆ ರನ್ ಮಾಡಿ ತೋರಿಸಬೇಕು. ಅದಕ್ಕಾಗಿ ಇಡೀ ಲ್ಯಾಬ್ ಮ್ಯಾನುಯಲ್ ಸೆಮಿಕೋಲನ್ ಸಮೇತ ಬೈಹಾರ್ಟ್. ನಾನೂ ಹಾಗೇ ಪಾಸಾದವನು. ಔಟ್‌ಪುಟ್ ಬಂತು, ವೈವಾದಲ್ಲಿ "ಈ ಸಾಲು ಯಾಕಿದೆ?" ಅಂದಾಗ ಮಾತ್ರ ಬಾಯಿ ಕಟ್ಟಿತು.

ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿದ ಕೆನ್ ಥಾಂಪ್ಸನ್, ಡೆನಿಸ್ ರಿಚಿ 1971ರಲ್ಲೇ ಅದರ ಮ್ಯಾನುಯಲ್ ಬರೆದರು, ಒಂದೊಂದು ಕಮಾಂಡಿಗೂ ಪುಟ. ಬೇಕಾದಾಗ ತೆರೆದು ನೋಡಲಿ ಅಂತಲೇ ಅಲ್ವಾ?

ಇನ್ನೂ ಒಪ್ಪಿಗೆಯಾಗದಿದ್ದರೆ ಬೈನರಿ ಸರ್ಚ್ ತಗೊಳ್ಳಿ, ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕುವ ವಿಧಾನ, ಎಲ್ಲರೂ ಬಾಯಿಪಾಠ ಮಾಡಿದ್ದೇ. ಅದು ಮೊದಲು ಪ್ರಕಟವಾದದ್ದು 1946ರಲ್ಲಿ, ಎಲ್ಲ ಅಳತೆಯ ಪಟ್ಟಿಗೂ ಸರಿಯಾಗಿ ನಡೆಯುವ ರೂಪ ಅಚ್ಚಾದದ್ದು 1960ರಲ್ಲಿ ಎಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಹೇಳುತ್ತಾರೆ. ಕಥೆ ಅಲ್ಲಿಗೂ ಮುಗಿಯಲಿಲ್ಲ. ಜಾವಾ ಭಾಷೆಯ ಲೈಬ್ರರಿಯ ಬೈನರಿ ಸರ್ಚ್ ಬರೆದ ಜೋಶುವಾ ಬ್ಲಾಕ್ 2006ರಲ್ಲಿ, ತಾವೇ ಬರೆದ ಕೋಡಿನಲ್ಲಿ ತಪ್ಪಿದೆ ಎಂದು ತಾವೇ ಬರೆದರು. ನಡುವಿನ ಜಾಗ ಹುಡುಕಲು ಲೋ ಮತ್ತು ಹೈ (ಹುಡುಕುತ್ತಿರುವ ಭಾಗದ ಮೊದಲ ಮತ್ತು ಕೊನೆಯ ಸ್ಥಾನದ ಸಂಖ್ಯೆ) ಕೂಡಿಸಿ ಎರಡರಿಂದ ಭಾಗಿಸುತ್ತೀವಲ್ಲ, ಅಲ್ಲೇ ಎಡವಟ್ಟು: ಪಟ್ಟಿ ನೂರು ಕೋಟಿ ದಾಟಿದರೆ ಆ ಮೊತ್ತ ಜಾವಾದ 'ಇಂಟ್' ಹಿಡಿಯಬಲ್ಲ ಅತಿ ದೊಡ್ಡ ಸಂಖ್ಯೆಯಾದ 2147483647 ಮೀರಿ ಮೈನಸ್ ಆಗಿಬಿಡಬಹುದು. ಅದನ್ನು ಬೈಹಾರ್ಟ್ ಮಾಡಿದವರೆಲ್ಲ ತಪ್ಪನ್ನೂ ಸೇರಿಸಿಯೇ ಮಾಡಿಕೊಂಡಿದ್ದರು.

ಹಾಗಂತ ಕಾಪಿ ಪೇಸ್ಟ್ ಮಾಡಿ ಸುಮ್ನೆ ಕೂರಿ ಅಂತ ಹೇಳುತ್ತಿಲ್ಲ. ತಂದ ಕೋಡಿನಿಂದ ಒಂದು ಸಾಲು ತೆಗೆದು ನೋಡಿ. ಏನು ಕೆಡುತ್ತದೆ ಅಂತ ರನ್ ಮಾಡುವ ಮೊದಲೇ ಹೇಳಲು ಬಂದರೆ ಅದು ನಿಮಗೆ ಗೊತ್ತು. ಬರದಿದ್ದರೆ ಅದು ನಿಜವಾದ ಕೊರತೆ, ಅದಕ್ಕೆ ಅರ್ಧ ಗಂಟೆ ಕೊಡಿ. ತಾರೀಕಿನ ಫಾರ್ಮ್ಯಾಟ್ ಮರೆತದ್ದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ವಿಷಯ, ಇದನ್ನು ಯಾರೂ ನೇರವಾಗಿ ಕೇಳುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೀಟಿಂಗಿನಲ್ಲಿ ಬೆವರುವುದು ಎಷ್ಟೋ ಸಲ ಕೋಡಿಗಲ್ಲ, ಪದಕ್ಕೆ. ಯಾರೋ "ಐಡೆಂಪೊಟೆಂಟ್" ಅಂತಾರೆ, ನೀವು ತಲೆ ತಗ್ಗಿಸಿ ಏನೋ ಗೀಚುತ್ತೀರಿ. ಲಿಫ್ಟಿನ ಬಟನ್ ಒಂದು ಸಲ ಒತ್ತಿದರೂ ಹತ್ತು ಸಲ ಒತ್ತಿದರೂ ಲಿಫ್ಟ್ ಬರುವುದು ಒಂದೇ ಸಲ. ಐಡೆಂಪೊಟೆಂಟ್ ಅಂದರೆ ಅಷ್ಟೇ. ಪೇಮೆಂಟ್ ಬಟನ್ ಎರಡು ಸಲ ಒತ್ತಿದರೂ ದುಡ್ಡು ಒಂದೇ ಸಲ ಹೋಗಬೇಕು ಅಂತ ನಿಮಗೆ ಮೊದಲೇ ಗೊತ್ತಿತ್ತು, ಆ ಹೆಸರೊಂದು ಗೊತ್ತಿರಲಿಲ್ಲ. ಮುಂದಿನ ಸಲ "ಹಂಗಂದ್ರೇನು?" ಅಂತ ಅಲ್ಲೇ ಕೇಳಿಬಿಡಿ. ಪಕ್ಕದಲ್ಲಿ ತಲೆಯಾಡಿಸುತ್ತಿದ್ದವರೂ ಪೆನ್ನು ತೆಗೆಯುತ್ತಾರೆ, ನಾನು ನೋಡಿದ್ದೇನೆ.