ಗುಡಿ ಪಟ್ಟಿಯಲ್ಲಿದೆ, ಕೆರೆ?

ಶಿಕಾರಿಪುರ ತಾಲ್ಲೂಕಿನ ಕಡೆ ಕೆಲಸಕ್ಕೆ ಹೋದಾಗ ಶಿಲ್ಪದ ಬಗ್ಗೆ ಕೇಳುವವರು ಕಡಿಮೆ. "ಸಾರ್, ಗುಡಿ ಹಿಂದೇನೇ ನಮ್ಮನೆ. ಮೇಲೊಂದು ಮಹಡಿ ಎತ್ಬಹುದಾ?" ಅಂತ ಕೇಳುವವರೇ ಜಾಸ್ತಿ. ನಾನು ಹಳೇ ಕಲ್ಲು ಕಟ್ಟಡಗಳ ದುರಸ್ತಿ ಮಾಡಿಸುವ ಆರ್ಕಿಟೆಕ್ಟ್, ಅನುಮತಿ ಕೊಡುವವನಲ್ಲ. ಆದರೂ ಜಗಲಿ ಮೇಲೆ ಕೂರಿಸಿ ಟೀ ಕೊಟ್ಟು ಕೇಳಿದವರಿಗೆ ಗೊತ್ತಿಲ್ಲ ಅಂತ ಎದ್ದು ಬರೋಕಾಗುತ್ತಾ?

ವಿಷಯ ಇಷ್ಟು. ಬಳ್ಳಿಗಾವಿಯ ಕೇದಾರೇಶ್ವರ, ತ್ರಿಪುರಾಂತಕ, ಗಂಡಭೇರುಂಡದ ಕಂಬ, ತಾಳಗುಂದದ ಪ್ರಣವೇಶ್ವರ, ಬಂದಳಿಕೆಯ ಶಾಂತಿನಾಥ ಬಸದಿ, ಇವೆಲ್ಲ ಕೇಂದ್ರದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿವೆ. ಇವಕ್ಕೆ ಪ್ರಾಚೀನ ಸ್ಮಾರಕಗಳ ರಕ್ಷಣೆಯ 1958ರ ಕಾಯ್ದೆ ಅನ್ವಯಿಸುತ್ತದೆ. 2010ರ ತಿದ್ದುಪಡಿ ಪ್ರಕಾರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಂದರೆ ಅನುಮತಿ ಪಡೆದೇ ಕಟ್ಟಬೇಕಾದ ಜಾಗ. ಎಲ್ಲರೂ ಎಡವುವುದು ಅಳತೆಯಲ್ಲಿ. ಟೇಪು ಹಿಡಿಯಬೇಕಾದ್ದು ಗುಡಿಯ ಗೋಡೆಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಗೋಡೆಯಿಂದ ಅಳೆದು "ನಾನು ಪಾರಾದೆ" ಅಂದುಕೊಂಡು ಪಾಯ ತೋಡಿದವರಿಗೆ ಆಮೇಲೆ ನೋಟಿಸು ಬರುತ್ತದೆ.

ಮೊದಲ 100 ಮೀಟರಿನೊಳಗೆ ಹೊಸ ಮನೆ ಇಲ್ಲ. ಇದ್ದ ಮನೆಯ ಮೇಲೆ ಮಹಡಿ ಎತ್ತುವುದೂ ಹೊಸ ಕಟ್ಟಡವೇ, ಕಾನೂನಿನ ಕಣ್ಣಿಗೆ ಅಡ್ಡಕ್ಕೆ ಬೆಳೆದರೂ ಒಂದೇ, ಮೇಲಕ್ಕೆ ಬೆಳೆದರೂ ಒಂದೇ. 1992ರ ಜೂನ್ 16ಕ್ಕೆ ಮೊದಲೇ ಕಟ್ಟಿದ ಮನೆಯಾದರೆ ದುರಸ್ತಿಗೆ ದಾರಿ ಇದೆ, ಆದರೆ ಅದಕ್ಕೂ ಅನುಮತಿ ಬೇಕು. ಅದಕ್ಕೇ ಹಳೇ ಕಂದಾಯದ ರಸೀದಿ, ಕರೆಂಟ್ ಬಿಲ್ ಏನಿದ್ದರೂ ಎತ್ತಿಡಿ ಅಂತ ಹೇಳುತ್ತೇನೆ. ನಿಷೇಧಿತ ಪ್ರದೇಶದಲ್ಲಿ ಕದ್ದು ಕಟ್ಟಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಹಳ್ಳಿಯವರ ಕೋಪ ನನಗೆ ಅರ್ಥವಾಗುತ್ತದೆ. ಆದರೆ ನನ್ನ ತಕರಾರು ಬೇರೆ. ಈ ಪಟ್ಟಿ ಕಲ್ಲನ್ನು ನೋಡುತ್ತದೆ, ಕಲ್ಲು ಯಾಕೆ ಅಲ್ಲಿ ನಿಂತಿದೆ ಅಂತ ನೋಡುವುದಿಲ್ಲ. ತಾಳಗುಂದದ ಶಾಸನದ ಕಂಬವನ್ನೇ ತಗೊಳ್ಳಿ. ಕಂಚಿಯಲ್ಲಿ ಅವಮಾನವಾಗಿ ಮಯೂರಶರ್ಮ ಕತ್ತಿ ಹಿಡಿದ ಕಥೆ ನಮಗೆ ಸಿಕ್ಕಿದ್ದು ಆ 5ನೇ ಶತಮಾನದ ಕಂಬದಿಂದ. ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಪದ್ಯ. ಎಲ್ಲರಿಗೂ ಅಷ್ಟು ಗೊತ್ತು. ಆದರೆ ಆ ಶಾಸನ ಹುಟ್ಟಿದ್ದು ಕದಂಬ ದೊರೆ ಕಾಕುಸ್ಥವರ್ಮ ಅಲ್ಲೊಂದು ಕೆರೆ ತೋಡಿಸಿದ ಅಂತ ಹೇಳುವುದಕ್ಕೆ! ಕದಂಬರ ವಂಶದ ಕಥೆಯೆಲ್ಲ ಕೆರೆಯ ನೆಪದಲ್ಲಿ ಬಂದದ್ದು.

ಬಳ್ಳಿಗಾವಿಯಲ್ಲೂ ಅದೇ. ಕೇದಾರೇಶ್ವರ ಗುಡಿಯ ಜೊತೆಗಿದ್ದ ಕಾಳಾಮುಖರೆಂಬ ಶೈವ ಪಂಥದವರ ಮಠಕ್ಕೆ ಕೋಡಿಯ ಮಠ ಅಂತಲೇ ಹೆಸರು. ಕೆರೆ ತುಂಬಿ ನೀರು ಹರಿದುಹೋಗುವ ಕೋಡಿಯ ಹೆಸರು ಮಠಕ್ಕೆ ಬಂದಿದೆ. 1162ರ ಒಂದು ಶಾಸನದಲ್ಲಿ ಆ ಮಠದ ವರ್ಣನೆ ಇದೆ, ನನಗೆ ತುಂಬ ಇಷ್ಟ. ವೇದ, ವ್ಯಾಕರಣ, ತರ್ಕ ಓದುವ ಜಾಗ ಅದು. ಬಡವರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ಹಾಕುವ ಜಾಗ. ರೋಗಿಗಳಿಗೆ ಔಷಧಿ ಕೊಡುವ ಜಾಗ, ಹೆದರಿ ಓಡಿಬಂದವರಿಗೆ ಆಸರೆ. ಪಟ್ಟಿಯಲ್ಲಿ ಬರೀ "ದೇವಸ್ಥಾನ" ಅಂತಿದೆ. ಈಗ ಕೋಡಿಯಲ್ಲಿ ಮಣ್ಣು ತುಂಬಿದರೆ, ಕೆರೆ ಒತ್ತುವರಿಯಾದರೆ, ಗುಡಿಗೆ ಏನೂ ಆಗಿಲ್ಲ ಅಂತ ನಾವು ವರದಿ ಬರೆಯಬಹುದು. ಅದು ಸರಿ ಅನ್ನಿಸುವುದಿಲ್ಲ. ಅಲ್ಲದೆ ದುರಸ್ತಿ ಮಾಡಿಸುವವನ ಕಣ್ಣಲ್ಲಿ ನೋಡಿದರೂ ನೀರಿನ ದಾರಿ ಮುಖ್ಯ. ನೀರು ಹರಿಯುವ ದಾರಿ ಕಟ್ಟಿಕೊಂಡರೆ ಅದು ಪಾಯದ ಕಡೆ ತಿರುಗುತ್ತದೆ, ಮಣ್ಣು ಕುಸಿದು ಕಂಬ ವಾಲುತ್ತದೆ.

ಬಂದಳಿಕೆಯ ಕಥೆ ಸ್ವಲ್ಪ ಬೇರೆ. 10ನೇ ಶತಮಾನದಲ್ಲಿ ಗಂಡ ಸತ್ತ ಮೇಲೆ ನಾಗರಖಂಡ 70 ಎಂಬ ನಾಡಿನ ಆಡಳಿತ ನಡೆಸಿದ ಜಕ್ಕಿಯಬ್ಬೆ ಕೊನೆಗೆ ವ್ರತ ಹಿಡಿದು ಪ್ರಾಣ ಬಿಟ್ಟದ್ದು ಈ ಊರಿನ ಬಸದಿಯಲ್ಲಿ. ಹೆಣ್ಣೊಬ್ಬಳು ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥೆ! ಶಿರಾಳಕೊಪ್ಪದವರೆಗೆ ಬಂದವರು ಇಲ್ಲಿಗೂ ಹೋಗಿ ಬನ್ನಿ.

ಯಾವ ಪಟ್ಟಿಗೂ ಸೇರದ ಕಲ್ಲುಗಳ ಬಗ್ಗೆ ಒಂದು ಮಾತು. ಗದ್ದೆ ಬದುವಿನಲ್ಲಿ, ಅರಳಿಕಟ್ಟೆ ಪಕ್ಕ, ಬಚ್ಚಲ ಹಿಂದೆ ವೀರಗಲ್ಲು, ಮಾಸ್ತಿಗಲ್ಲು ಬೇಕಾದಷ್ಟಿವೆ. ಉಳುವಾಗ ಅಕ್ಷರ ಇರುವ ಕಲ್ಲು ಸಿಕ್ಕರೆ ಜೆಸಿಬಿ ತರಿಸಿ ಎತ್ತಬೇಡಿ. ಇದ್ದಲ್ಲೇ ನಾಲ್ಕು ಕಡೆಯಿಂದ ಫೋಟೋ ತೆಗೆದು ಪಂಚಾಯ್ತಿಗೆ, ತಾಲ್ಲೂಕು ಕಚೇರಿಗೆ ತಿಳಿಸಿ. ಎಲ್ಲಿ ಸಿಕ್ಕಿತು ಅನ್ನುವುದೇ ಅರ್ಧ ಇತಿಹಾಸ. ಇನ್ನು ಭಕ್ತಿಯಿಂದ ಆಯಿಲ್ ಪೇಂಟ್ ಬಳಿಯುವವರಿಗೆ ಕೈ ಮುಗಿಯುತ್ತೇನೆ. ಬಣ್ಣ ಅಕ್ಷರದ ಗೀರಿನಲ್ಲಿ ಕೂತರೆ ಬಿಡಿಸೋಕೆ ನಮಗೆ ದಿನಗಟ್ಟಲೆ ಬೇಕು, ಬ್ಲೇಡು ಹಾಕಿ ಕೆರೆದರೆ ಅಕ್ಷರವೂ ಹೋಗುತ್ತದೆ. ಹೂವಿಡಿ, ಕುಂಕುಮ ಕಲ್ಲಿನ ಬುಡದಲ್ಲಿಡಿ, ಸಾಕು.