ಯಾರಿಂದ ಬಂತು ಅನ್ನೋ ಪ್ರಶ್ನೆ ಮತ್ತು ನರದ ಬುಡದಲ್ಲಿ ಕೂತಿರೋ ವೈರಸ್ಸು

ಇದು ಜನನಾಂಗದ ಹರ್ಪಿಸ್ ಅಂತ ಡಾಕ್ಟರ್ ಹೇಳಿದ ಮೇಲೆ, ಮಾತ್ರೆ ಎಷ್ಟು ದಿನ ತಗೋಬೇಕು ಅಂತ ಕೇಳೋಕ್ಕಿಂತ ಮುಂಚೆನೇ ತಲೇಲಿ ಏಳೋ ಪ್ರಶ್ನೆ ಒಂದೇ, ಯಾರಿಂದ ಬಂತು. ಮದುವೆ ಆದವರಾದ್ರೆ ಗಂಡನ ಮೇಲೋ ಹೆಂಡತಿ ಮೇಲೋ ಅನುಮಾನ, ಆಗದೇ ಇರೋರಾದ್ರೆ ಹಳೇದೆಲ್ಲಾ ನೆನಪು ಮಾಡ್ಕೊಂಡು ತಮ್ಮನ್ನೇ ತಾವು ಬೈಕೊಳ್ಳೋದು. ಗುಳ್ಳೆ ಒಣಗೋಕೆ ಮುಂಚೆನೇ ಜಗಳ ತವರುಮನೆ ತಲುಪಿರೋ ಸಂಸಾರಗಳೂ ಇರ್ತವೆ. ಈ ಪ್ರಶ್ನೆಗೆ ಬಹಳಷ್ಟು ಸಲ ವಿಜ್ಞಾನದ ಹತ್ರನೂ ಉತ್ತರ ಇಲ್ಲ, ಆದ್ರೆ ಯಾಕಿಲ್ಲ ಅನ್ನೋದಕ್ಕೆ ಒಳ್ಳೇ ಉತ್ತರ ಇದೆ, ಅದು ಅರ್ಥ ಆದ್ರೆ ಎದೆ ಮೇಲಿನ ಭಾರ ಅರ್ಧ ಇಳಿಯತ್ತೆ ಅಂತ ನನಗನ್ಸತ್ತೆ.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಲ್ಲಿ ಎರಡು ಬಗೆ, ಟೈಪ್ 1 ಮತ್ತೆ ಟೈಪ್ 2. ಜ್ವರ ಬಂದು ಹೋದ ಮೇಲೆ ತುಟಿ ಅಂಚಲ್ಲಿ ಗೊಂಚಲು ಗೊಂಚಲಾಗಿ ಸಣ್ಣ ನೀರುಗುಳ್ಳೆ ಏಳತ್ತಲ್ಲ, ಅದು ಹೆಚ್ಚಾಗಿ ಟೈಪ್ 1. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಈ ಟೈಪ್ 1 ಇದೆ, ಅಂದ್ರೆ ಮೂರರಲ್ಲಿ ಇಬ್ಬರ ಹತ್ತಿರ ಹತ್ತಿರ, ಇದ್ರಲ್ಲಿ ಬಹಳ ಜನಕ್ಕೆ ಚಿಕ್ಕವರಿದ್ದಾಗ ಯಾರೋ ಮುತ್ತು ಕೊಟ್ಟು ಬಂದಿರತ್ತೆ. ಟೈಪ್ 2 ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಬರೋದು. ಹಾಗಂತ ಗಡಿ ಅಷ್ಟು ಗಟ್ಟಿಯಾಗೇನೂ ಇಲ್ಲ, ಬಾಯಿಂದ ಆಗೋ ಸಂಪರ್ಕದಲ್ಲಿ ತುಟಿಯ ಟೈಪ್ 1 ಕೆಳಗೂ ಬರತ್ತೆ. ಎರಡೂ ಸೇರಿ 15ರಿಂದ 49 ವರ್ಷದವರಲ್ಲಿ ಜನನಾಂಗದ ಹರ್ಪಿಸ್ ಇರೋರು 2020ರ ಅಂದಾಜಲ್ಲಿ 84.6 ಕೋಟಿ, ಐದು ಜನಕ್ಕೆ ಒಬ್ಬರಿಗಿಂತ ಹೆಚ್ಚು. ಮೆಜೆಸ್ಟಿಕ್‌ನಿಂದ ಹೊರಟ ಒಂದು ತುಂಬಿದ ಬಸ್ಸಲ್ಲೂ ಇದು ಇರೋರು ಸುಮಾರು ಜನ ಇರಬಹುದು, ಅವರಲ್ಲಿ ಬಹುಪಾಲು ಜನಕ್ಕೆ ತಮಗೆ ಇದೆ ಅಂತಾನೇ ಗೊತ್ತಿರಲ್ಲ. ಅಂದಹಾಗೆ ಸರ್ಪಸುತ್ತು ಬೇರೆ, ಅದನ್ನೂ ಡಾಕ್ಟರು ಹರ್ಪಿಸ್ ಅಂತಾನೇ ಬರೀತಾರೆ ಆದ್ರೆ ಅದು ಚಿಕನ್‌ಪಾಕ್ಸ್ ವೈರಸ್ಸಿನ ಕೆಲಸ, ಒಂದೇ ವಂಶ ಅಷ್ಟೆ.

ಈಗ ಅಸಲು ವಿಷಯ. ಈ ವೈರಸ್ಸು ಚರ್ಮದ ಸಣ್ಣ ಗೀರಲ್ಲೋ ಒಳಚರ್ಮದಲ್ಲೋ ಒಳಗೆ ಬಂದು, ಅಲ್ಲಿನ ಸ್ಪರ್ಶದ ನರದ ತುದಿ ಹಿಡ್ಕೊಂಡು ಮೇಲಕ್ಕೆ ಹತ್ತತ್ತೆ, ಹತ್ತಿ ಬೆನ್ನುಮೂಳೆಯ ತಳಭಾಗದ ಪಕ್ಕದಲ್ಲಿರೋ ನರಗಂಟಿನ ಕೋಶಗಳೊಳಗೆ ಹೋಗಿ ಕೂತ್ಕೊಳ್ಳತ್ತೆ. ತುಟಿ ಹರ್ಪಿಸ್ಸಾದ್ರೆ ಇದೇ ಥರ ಕಿವಿ ಹತ್ತಿರ ತಲೆಬುರುಡೆ ಒಳಗಿರೋ ನರಗಂಟಲ್ಲಿ. ಅಲ್ಲಿ ಅದು ತನ್ನ ಡಿಎನ್‌ಎಯನ್ನ ಉಂಗುರದ ಥರ ಸುತ್ತಿಟ್ಟು ಬಹುತೇಕ ಎಲ್ಲಾ ಜೀನುಗಳನ್ನೂ ಆಫ್ ಮಾಡ್ಕೊಂಡು ಬಿಡತ್ತೆ. ಪ್ರೋಟೀನೇ ತಯಾರಾಗ್ತಿಲ್ಲ ಅಂದ್ರೆ ನಮ್ಮ ರೋಗನಿರೋಧಕ ಶಕ್ತಿಗೆ ಕಾಣ್ಸಲ್ಲ, ಔಷಧಿಗೂ ಸಿಗಲ್ಲ. ಪೂರ್ತಿ ವಾಸಿ ಮಾಡೋಕೆ ಆಗ್ತಿಲ್ಲ ಅನ್ನೋದಕ್ಕೆ ಕಾರಣನೂ ಇದೇ. ಆಗಾಗ ಎದ್ದು ಅದೇ ನರದಲ್ಲಿ ಇಳಿದು ಬರತ್ತೆ, ಕೆಲವು ಸಲ ಗುಳ್ಳೆ ಮಾಡತ್ತೆ, ಬಹಳಷ್ಟು ಸಲ ಏನೂ ಕುರುಹು ಇಲ್ದೇನೇ ಚರ್ಮದ ಮೇಲೆ ಬಂದು ಹೋಗತ್ತೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಟೈಪ್ 2 ಇದ್ದೂ ಯಾವತ್ತೂ ಲಕ್ಷಣ ಕಾಣದ ಜನರಿಂದ ದಿನಾ ಸ್ವಾಬ್ ತಗೊಂಡು ನೋಡಿದ್ರೆ ಸುಮಾರು ಹತ್ತರಲ್ಲಿ ಒಂದು ದಿನ ವೈರಸ್ ಸಿಕ್ತು, ಲಕ್ಷಣ ಇರೋರಲ್ಲಿ ಐದರಲ್ಲಿ ಒಂದು ದಿನ.

ಇದನ್ನ ಸಂಸಾರಕ್ಕೆ ಹಚ್ಚಿ ನೋಡಿ. ಮದುವೆಯಾಗಿ ಆರು ವರ್ಷ ಆಗಿದೆ, ಹೆಂಡತಿಗೆ ಮೊದಲ ಸಲ ಗುಳ್ಳೆ ಎದ್ದಿದೆ ಅಂತಿಟ್ಕೊಳ್ಳಿ. ಹೊಸದಾಗಿ ಸೋಂಕು ತಗುಲಿದ್ರೆ ಸಾಮಾನ್ಯವಾಗಿ 2ರಿಂದ 12 ದಿನದೊಳಗೆ ಲಕ್ಷಣ ಬರತ್ತೆ ಅನ್ನೋದು ನಿಜ, ಆದ್ರೆ ಎಷ್ಟೋ ಜನಕ್ಕೆ ಆಗ ಏನೂ ಗೊತ್ತಾಗಿರಲ್ಲ ಅಥವಾ ಬೆವರುಸಾಲೆ, ಪ್ಯಾಡ್ ಉಜ್ಜಿದ್ದು, ಶೇವಿಂಗ್ ಗಾಯ ಅಂತ ಅಂದ್ಕೊಂಡಿರ್ತಾರೆ, ಆಮೇಲೆ ವರ್ಷಗಟ್ಟಲೆ ಬಿಟ್ಟು ಎದ್ದು ಕಾಣೋ ಹಾಗೆ ಬರತ್ತೆ. ಅವಳಿಗೇ ಮದುವೆಗೆ ಮುಂಚೆಯಿಂದ ಇದ್ದಿರಬಹುದು, ಗಂಡನಿಗೆ ಮುಂಚಿಂದ ಇದ್ದು ಅವನಿಗೇ ಗೊತ್ತಿಲ್ಲದೇ ಇರಬಹುದು, ಅವನ ತುಟಿಯ ಗುಳ್ಳೆ ಆಗಿರಬಹುದು, ಹೌದು, ಇತ್ತೀಚಿನ ಸಂಬಂಧವೂ ಆಗಿರಬಹುದು. ಗುಳ್ಳೆ ನೋಡಿ ಇದ್ರಲ್ಲಿ ಯಾವುದು ಅಂತ ಹೇಳೋ ಡಾಕ್ಟರ್ ಇಲ್ಲ, ಹೇಳಿದ್ರೆ ಅವರು ಊಹೆ ಮಾಡ್ತಿದಾರೆ ಅಂತಾನೇ ಅರ್ಥ.

ರಕ್ತ ಪರೀಕ್ಷೆ ಹೇಳಲ್ವಾ ಅಂತೀರ. ಹೇಳಲ್ಲ, ಹೇಳಿದ ಹಾಗೆ ಮಾಡತ್ತೆ. ನಮ್ಮ ಲ್ಯಾಬುಗಳಲ್ಲಿ ಐಜಿಎಂ ಅಂತ ಒಂದು ಮಾಡ್ತಾರೆ, ಅದು ಸೋಂಕಿನ ಶುರುವಲ್ಲಿ ದೇಹ ತಯಾರಿಸೋ ಪ್ರತಿಕಾಯ ಹುಡುಕೋ ಟೆಸ್ಟು, ಐಜಿಎಂ ಪಾಸಿಟಿವ್ ಅಂದ್ರೆ ಹೊಸ ಸೋಂಕು ಅಂತ ಬೇರೆ ರೋಗಗಳಲ್ಲಿ ಕಲ್ತಿದ್ದನ್ನ ಇಲ್ಲಿಗೂ ತಂದು ಹಚ್ತಾರೆ. ಹರ್ಪಿಸ್‌ನಲ್ಲಿ ಹಳೇ ಸೋಂಕು ಮರುಕಳಿಸಿದಾಗಲೂ ಐಜಿಎಂ ಪಾಸಿಟಿವ್ ಬರತ್ತೆ, ಟೈಪ್ 1 ಯಾವುದು ಟೈಪ್ 2 ಯಾವುದು ಅಂತ ಬೇರೆ ಮಾಡೋಕೂ ಅದಕ್ಕೆ ಬರಲ್ಲ, ಅದಕ್ಕೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಈ ಟೆಸ್ಟೇ ಬೇಡ ಅನ್ನತ್ತೆ. ಇಂಥ ಒಂದು ಕಾಗದ ಹಿಡ್ಕೊಂಡು ಸಂಸಾರ ಒಡೆಯೋದಿದೆಯಲ್ಲ, ಅದು ನನಗೆ ರೋಗಕ್ಕಿಂತ ದೊಡ್ಡ ಅನ್ಯಾಯ ಅನ್ಸತ್ತೆ. ಐಜಿಜಿ, ಅಂದ್ರೆ ಆಮೇಲೆ ಬಂದು ಉಳಿಯೋ ಪ್ರತಿಕಾಯದ ಟೆಸ್ಟು, ಸ್ವಲ್ಪ ವಾಸಿ, ಆದ್ರೆ ರಿಪೋರ್ಟಲ್ಲಿ ಬರೋ ಟೈಪ್ 2 ಐಜಿಜಿ ಇಂಡೆಕ್ಸ್ ಅನ್ನೋ ಅಂಕಿ 3ಕ್ಕಿಂತ ಕಡಿಮೆ ಇದ್ರೆ ಸುಳ್ಳು ಪಾಸಿಟಿವ್ ಇರೋ ಸಾಧ್ಯತೆ ಜಾಸ್ತಿ, ಇನ್ನೊಂದು ಬಗೆ ಟೆಸ್ಟಲ್ಲಿ ಖಾತ್ರಿ ಮಾಡ್ಕೋಬೇಕು. ಟೈಪ್ 1 ಐಜಿಜಿ ಪಾಸಿಟಿವ್ ಅಂದ್ರೆ ಮಗು ಇದ್ದಾಗ ತುಟಿಗೆ ಬಂದಿದ್ದೂ ಆಗಿರಬಹುದು. ನಂಬಬಹುದಾದ್ದು ಅಂದ್ರೆ ಗುಳ್ಳೆ ಹೊಸದಾಗಿದ್ದಾಗಲೇ, ಒಣಗೋಕೆ ಮುಂಚೆ, ಅದರಿಂದ ಸ್ವಾಬ್ ತಗೊಂಡು ವೈರಸ್ಸಿನ ಡಿಎನ್‌ಎ ಹುಡುಕೋ ಪಿಸಿಆರ್ ಟೆಸ್ಟ್. ಅದು ಟೈಪ್ ಯಾವುದು ಅಂತನೂ ಹೇಳತ್ತೆ, ಮುಂದೆ ಹೇಗಿರತ್ತೆ ಅನ್ನೋದಕ್ಕೆ ಟೈಪ್ ಗೊತ್ತಾಗೋದು ಮುಖ್ಯ. ಜೊತೆಗೆ ಎಚ್‌ಐವಿ ಮತ್ತೆ ಸಿಫಿಲಿಸ್ ಟೆಸ್ಟ್ ಮಾಡಿಸ್ಕೊಂಡು ಬಿಡಿ, ಟೈಪ್ 2 ಇದ್ರೆ ಎಚ್‌ಐವಿ ತಗುಲೋ ಅಪಾಯ ಸುಮಾರು ಮೂರು ಪಟ್ಟು ಅಂತ ಲೆಕ್ಕ.

ಮೊದಲ ಸಲದ್ದು ನಿಜಕ್ಕೂ ಕಷ್ಟ, ಜ್ವರ, ತೊಡೆಸಂದಿಯಲ್ಲಿ ಗಡ್ಡೆ, ಉಚ್ಚೆ ಹೋಗೋವಾಗ ಪ್ರಾಣ ಹೋದ ಹಾಗೆ ಉರಿ, ಔಷಧಿ ಇಲ್ದಿದ್ರೆ ಎರಡು ಮೂರು ವಾರ ಎಳೆಯತ್ತೆ. ಇದನ್ನ ನೋಡಿ ಜೀವನಪೂರ್ತಿ ಹಿಂಗೇನಾ ಅಂತ ಹೆದರ್ಕೋಬೇಡಿ, ಸಾಮಾನ್ಯವಾಗಿ ಅತಿ ಕೆಟ್ಟದ್ದು ಇದೇ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಕೂತ್ಕೊಳ್ಳೋದು, ಉಚ್ಚೆ ಮಾಡೋವಾಗ ಮೇಲಿಂದ ಚೊಂಬಲ್ಲಿ ನೀರು ಹಾಕ್ಕೊಳ್ಳೋದು, ಸಡಿಲ ಕಾಟನ್ ಬಟ್ಟೆ, ನೋವಿಗೆ ಪ್ಯಾರಾಸಿಟಮಾಲ್. ಉರಿಗೆ ಹೆದರಿ ನೀರು ಕುಡಿಯೋದು ಬಿಡಬೇಡಿ, ಉಚ್ಚೆ ಪೂರ್ತಿ ಕಟ್ಟಿದ್ರೆ ಆಸ್ಪತ್ರೆಗೆ ಓಡಿ. ಗುಳ್ಳೆ ಮುಟ್ಟಿದ ಕೈ ಸೋಪಲ್ಲಿ ತೊಳೆದು ಆಮೇಲೆ ಕಣ್ಣು ಮುಟ್ಟಿ, ಕಣ್ಣಿಗೆ ಹೋದ್ರೆ ದೃಷ್ಟಿಗೇ ತೊಂದ್ರೆ. ಮತ್ತೆ ದಯವಿಟ್ಟು ಮೆಡಿಕಲ್ ಶಾಪಲ್ಲಿ ತುರಿಕೆಗೆ ಅಂತ ಕೇಳಿ ತರೋ ಕ್ರೀಮ್ ಹಚ್ಚಬೇಡಿ, ನಮ್ಮಲ್ಲಿ ಚೀಟಿ ಇಲ್ದೇ ಸಿಗೋ ಆ ಮಿಕ್ಸ್ ಕ್ರೀಮುಗಳಲ್ಲಿ ಎಷ್ಟೋದ್ರಲ್ಲಿ ಜೋರಾದ ಸ್ಟೆರಾಯ್ಡ್ ಇರತ್ತೆ, ಅದು ಆ ಜಾಗದ ರಕ್ಷಣೆನೇ ಕುಗ್ಸಿ ವೈರಸ್ಸಿಗೆ ಅನುಕೂಲ ಮಾಡ್ಕೊಡತ್ತೆ.

ಬೇಕಾಗಿರೋದು ಎಸೈಕ್ಲೋವಿರ್ ಮಾತ್ರೆ ಅಥವಾ ಅದರದ್ದೇ ರೂಪ ವ್ಯಾಲಾಸೈಕ್ಲೋವಿರ್, ಆದಷ್ಟು ಬೇಗ. ಈ ಔಷಧಿ ಹೇಗೆ ಕೆಲಸ ಮಾಡತ್ತೆ ಅಂತ ಓದಿದಾಗ ನಾನು ಬೆರಗಾದೆ. ನುಂಗಿದಾಗ ಅದು ಬರೀ ಜಡ ವಸ್ತು, ವೈರಸ್ಸಿನದ್ದೇ ಆದ ಬೇರೆ ಬಗೆಯ ಥೈಮಿಡಿನ್ ಕೈನೇಸ್ ಅನ್ನೋ ಕಿಣ್ವ ಅದನ್ನ ಮುಟ್ಟಿದಾಗಲೇ ಅದಕ್ಕೆ ಜೀವ ಬರೋದು, ಹಾಗಾಗಿ ಸೋಂಕಿಲ್ಲದ ನಮ್ಮ ಕೋಶಗಳ ತಂಟೆಗೆ ಅದು ಅಷ್ಟಾಗಿ ಹೋಗಲ್ಲ. ಆಮೇಲೆ ವೈರಸ್ ತನ್ನ ಡಿಎನ್‌ಎ ಜೋಡಿಸೋವಾಗ ಇದನ್ನೂ ಒಂದು ಕೊಂಡಿ ಅಂದ್ಕೊಂಡು ಸೇರಿಸ್ಕೊಳ್ಳತ್ತೆ, ಆದ್ರೆ ಇದು ಒಂದೇ ಕಡೆ ತೂತಿರೋ ಮಣಿ ಇದ್ದ ಹಾಗೆ, ಸರ ಅಲ್ಲಿಗೇ ನಿಂತ್ಹೋಗತ್ತೆ. ಬರೋಸ್ ವೆಲ್ಕಮ್ ಅನ್ನೋ ಔಷಧಿ ಕಂಪನಿಯಲ್ಲಿ ಹೋವರ್ಡ್ ಶೇಫರ್, ಗರ್ಟ್ರೂಡ್ ಎಲಿಯನ್ ಇವರ ತಂಡಗಳು 1970ರ ದಶಕದಲ್ಲಿ ಮಾಡಿದ ಕೆಲಸ ಇದು. ಎಲಿಯನ್ನಿಗೆ 1988ರಲ್ಲಿ ನೊಬೆಲ್ ಬಂತು, ಆಕೆ ಪಿಎಚ್‌ಡಿ ಮಾಡಿರಲಿಲ್ಲ.

ಮುಂದಿನ ದಿನಗಳು ಹೇಗೆ ಅಂದ್ರೆ ಅದು ಟೈಪ್ ಮೇಲೆ ಹೋಗತ್ತೆ. ಟೈಪ್ 2 ಆದ್ರೆ ಮೊದಲ ವರ್ಷ ಸರಾಸರಿ ನಾಲ್ಕು ಸಲ ಮರುಕಳಿಸಬಹುದು, ಟೈಪ್ 1 ಆದ್ರೆ ಒಂದು ಸಲ, ಕೆಲವರಿಗೆ ಅದೂ ಇಲ್ಲ, ವರ್ಷ ಕಳೆದ ಹಾಗೆ ಕಮ್ಮಿ ಆಗ್ತಾ ಹೋಗತ್ತೆ. ಬರೋಕೆ ಮುಂಚೆ ಆ ಜಾಗದಲ್ಲಿ ಜುಮ್ ಅನ್ನೋದು, ಕುಂಡೆ ಇಂದ ಕಾಲಿಗೆ ಚುಳುಕ್ ಅನ್ನೋದು ಹಲವರಿಗೆ ಗೊತ್ತಾಗತ್ತೆ, ಆಗಲೇ ಮಾತ್ರೆ ಶುರು ಮಾಡಿದ್ರೆ ಬೇಗ ಮುಗಿಯತ್ತೆ. ಪದೇ ಪದೇ ಬರೋರಿಗೆ ದಿನಾ ಮಾತ್ರೆ ಅಂತ ತಿಂಗಳುಗಟ್ಟಲೆ ಕೊಡ್ತಾರೆ, ಅದ್ರಿಂದ ಮರುಕಳಿಸೋದು 70ರಿಂದ 80 ಪರ್ಸೆಂಟ್ ಕಮ್ಮಿ ಆಗತ್ತೆ, ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರಿಗೆ ಮೊದಲೇ ಹೇಳ್ಬೇಕು. ಕಡ್ಲೇಕಾಯಿ ಬಿಡಿ, ಅದ್ರಲ್ಲಿ ಅರ್ಜಿನೈನ್ ಅನ್ನೋ ಅಮೈನೋ ಆಮ್ಲ ಇದೆ, ಬದಲಿಗೆ ಲೈಸಿನ್ ಅನ್ನೋ ಇನ್ನೊಂದರ ಮಾತ್ರೆ ತಗೊಳ್ಳಿ ಅಂತೆಲ್ಲಾ ಇಂಟರ್ನೆಟ್ ತುಂಬಾ ಸಲಹೆ, ಇದಕ್ಕೆ ಗಟ್ಟಿ ಪುರಾವೆ ಇಲ್ಲ, ಶೇಂಗಾ ಚಟ್ನಿ ಬಿಟ್ಟು ಕೊರಗೋ ಅಗತ್ಯ ಏನೂ ಕಾಣಲ್ಲ.

ಜೊತೆಗಾರರಿಗೆ ಹರಡತ್ತಾ? ಹರಡಬಹುದು, ಆದ್ರೆ ತಡೆಯೋಕೆ ದಾರಿ ಇದೆ. ಗುಳ್ಳೆ ಇದ್ದಾಗ, ಜುಮ್ ಅಂದಾಗ ಸಂಪರ್ಕ ಬೇಡ, ಉಳಿದಾಗ ಕಾಂಡೋಮ್. ಅದು ಪೂರ್ತಿ ಚರ್ಮ ಮುಚ್ಚಲ್ಲ, ಹಾಗಾಗಿ ಪೂರ್ತಿ ಗ್ಯಾರಂಟಿ ಇಲ್ಲ, ಆದ್ರೂ ಅಪಾಯ ಚೆನ್ನಾಗಿ ಇಳಿಸತ್ತೆ. ಲಾರೆನ್ಸ್ ಕೋರಿ ಅನ್ನೋ ಸಂಶೋಧಕರ ತಂಡ 1484 ಜೋಡಿಗಳ ಮೇಲೆ ಮಾಡಿ 2004ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಮುಖ್ಯ, ಒಬ್ಬರಿಗೆ ಟೈಪ್ 2 ಇದೆ ಇನ್ನೊಬ್ಬರಿಗೆ ಇಲ್ಲ ಅನ್ನೋ ಜೋಡಿಗಳು, ಎಂಟು ತಿಂಗಳು. ಸೋಂಕಿರೋರು ದಿನಾ ವ್ಯಾಲಾಸೈಕ್ಲೋವಿರ್ ತಗೊಂಡ ಕಡೆ 1.9 ಪರ್ಸೆಂಟ್ ಜೊತೆಗಾರರಿಗೆ ಹರಡಿತು, ಔಷಧಿನೇ ಇಲ್ಲದ ಸುಳ್ಳು ಮಾತ್ರೆ ತಗೊಂಡ ಕಡೆ 3.6. ಅಂದ್ರೆ ಔಷಧಿ ಅರ್ಧದಷ್ಟು ಇಳಿಸ್ತು, ಜೊತೆಗೆ ಇದನ್ನೂ ಗಮನಿಸಿ, ಔಷಧಿ ಇಲ್ದೇನೂ ನೂರರಲ್ಲಿ ತೊಂಬತ್ತಾರು ಜನಕ್ಕೆ ಆ ಎಂಟು ತಿಂಗಳಲ್ಲಿ ಬರ್ಲಿಲ್ಲ. ಇನ್ನು ಟಾಯ್ಲೆಟ್ ಸೀಟು, ಬಕೆಟ್ಟು, ಒಂದೇ ವಾಷಿಂಗ್ ಮಷೀನು ಇವೆಲ್ಲಾ ಚಿಂತೆ ಬಿಟ್ಬಿಡಿ, ಮೈಯಿಂದ ಹೊರಗೆ ಬಂದ್ರೆ ಈ ವೈರಸ್ ಬೇಗ ಸಾಯತ್ತೆ.

ಹೇಳೋದು ಹೇಗೆ ಅನ್ನೋದೇ ಎಲ್ಲಕ್ಕಿಂತ ಕಷ್ಟ. ಪ್ರೀತಿ ಮಾಡಿದವರ ಹತ್ರ ಆದ್ರೆ ಒಂದು ಸಂಜೆ ಕೂರಿಸ್ಕೊಂಡು ಹೇಳ್ಬಹುದು, ನೋಡಕ್ಕೆ ಬಂದ ಹುಡುಗನ ಮುಂದೆ, ಅವರಪ್ಪ ಅಮ್ಮ ಪಕ್ಕದ ರೂಮಲ್ಲಿ ಉಪ್ಪಿಟ್ಟು ತಿಂತಾ ಇರೋವಾಗ ಹೆಂಗೆ ಹೇಳೋದು. ಮೊದಲ ಭೇಟಿಲೇ ಹೇಳ್ಬೇಕು ಅಂತೇನಿಲ್ಲ, ಆದ್ರೆ ಮಾತು ಮುಂದುವರಿದು ಇಬ್ಬರೇ ಫೋನಲ್ಲಿ ಮಾತಾಡೋ ಹಂತಕ್ಕೆ ಬಂದಾಗ, ನಿಶ್ಚಿತಾರ್ಥಕ್ಕೆ ಮುಂಚೆ, ಆ ಒಬ್ಬರಿಗೆ ಹೇಳಿಬಿಡೋದು ಒಳ್ಳೇದು, ಇಡೀ ಮನೆತನಕ್ಕೆ ಗೊತ್ತಾಗ್ಬೇಕಿಲ್ಲ. ಕಾನೂನಿನ ಕಡೆಯಿಂದಲೂ ಯೋಚನೆ ಮಾಡಿ, ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಹರಡೋ ಸ್ಥಿತಿಯಲ್ಲಿರೋ ಲೈಂಗಿಕ ರೋಗ ಅನ್ನೋದು ವಿಚ್ಛೇದನಕ್ಕೆ ಒಂದು ಕಾರಣ ಅಂತ ಇದೆ. ಕುಷ್ಠರೋಗವನ್ನ 2019ರಲ್ಲಿ ಆ ಪಟ್ಟಿಯಿಂದ ತೆಗೆದ್ರು, ಇದನ್ನ ತೆಗೆದಿಲ್ಲ. ಹೇಳೋವಾಗ ಅಳ್ತಾ ಕ್ಷಮೆ ಕೇಳೋ ಥರ ಹೇಳಿದ್ರೆ ಕೇಳೋರು ಅದೇನೋ ಮಹಾಮಾರಿ ಅಂದ್ಕೊಳ್ತಾರೆ, ಮೇಲಿನ ಅಂಕಿಗಳನ್ನ ಇಟ್ಕೊಂಡು ಹೀಗಿದೆ, ಹೀಗೆ ನೋಡ್ಕೊಳ್ತೀನಿ ಅಂತ ಹೇಳಿದ್ರೆ ಪ್ರಶ್ನೆ ಕೇಳ್ತಾರೆ, ಮಾತು ಬೆಳೆಯತ್ತೆ.

ಮಕ್ಕಳಾಗತ್ತಾ ಅಂತ ಕೇಳೋರಿಗೆ, ಆಗತ್ತೆ. ಅಪಾಯ ಹೆಚ್ಚಿರೋದು ಬಸುರಿನ ಕೊನೇ ತಿಂಗಳುಗಳಲ್ಲಿ ಮೊದಲ ಸಲ ಸೋಂಕು ಬಂದ್ರೆ, ಆಗ ಮಗುಗೆ ಹೋಗೋ ಸಾಧ್ಯತೆ 30ರಿಂದ 50 ಪರ್ಸೆಂಟ್, ಮುಂಚಿಂದ ಇರೋ ತಾಯಂದಿರಲ್ಲಿ 1 ಪರ್ಸೆಂಟಿಗಿಂತ ಕಮ್ಮಿ, ಯಾಕಂದ್ರೆ ತಾಯಿಯ ಪ್ರತಿಕಾಯಗಳು ಮಗುಗೆ ಸಿಕ್ಕಿರ್ತವೆ. ಹೆರಿಗೆ ಡಾಕ್ಟರಿಗೆ ಮುಚ್ಚಿಡಬೇಡಿ, 36ನೇ ವಾರದಿಂದ ಮಾತ್ರೆ ಕೊಡ್ತಾರೆ, ಹೆರಿಗೆ ಹೊತ್ತಲ್ಲಿ ಗುಳ್ಳೆ ಇದ್ರೆ ಸಿಸೇರಿಯನ್. ಹಾಗೇ ತುಟಿ ಮೇಲೆ ಗುಳ್ಳೆ ಇಟ್ಕೊಂಡು ಬಾಣಂತಿ ಕೋಣೆಗೆ ಬಂದು ಹಸುಗೂಸಿಗೆ ಮುತ್ತು ಕೊಡೋ ನೆಂಟರನ್ನ ಮುಲಾಜಿಲ್ದೆ ತಡೀರಿ.

ಮನಸ್ಸಿನ ವಿಷಯಕ್ಕೆ ಬಂದ್ರೆ, 1982ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಹರ್ಪಿಸ್ಸನ್ನ ಮುಖಪುಟದಲ್ಲೇ ಕಳಂಕದ ಗುರುತು ಅನ್ನೋ ಥರ ಹಾಕಿತ್ತು, ತುಟಿಗೆ ಬಂದ್ರೆ ಸುಮ್ನೆ ಜ್ವರದ ಗುಳ್ಳೆ, ಎರಡಡಿ ಕೆಳಗೆ ಬಂದ್ರೆ ಮರ್ಯಾದೆ ಪ್ರಶ್ನೆ. ನಿದ್ದೆ ಬರ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ. ಚಿಕಿತ್ಸೆಗೆ ಚರ್ಮರೋಗ ತಜ್ಞರೇ ಸರಿ, ನಮ್ಮಲ್ಲಿ ಅವರ ಓದಲ್ಲೇ ಲೈಂಗಿಕ ರೋಗಗಳೂ ಸೇರಿರತ್ತೆ, ಬಸ್‌ಸ್ಟ್ಯಾಂಡ್ ಗೋಡೆ ಮೇಲಿನ ಗುಪ್ತರೋಗ ಜಾಹೀರಾತು ನೋಡ್ಕೊಂಡು ಹೋಗ್ಬೇಡಿ. ದುಡ್ಡಿನ ತೊಂದ್ರೆ ಇದ್ರೆ ಜಿಲ್ಲಾಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಸುರಕ್ಷಾ ಕ್ಲಿನಿಕ್ ಇದೆ, ಎಲ್ಲಿ ಅಂತ ಗೊತ್ತಾಗ್ದಿದ್ರೆ 1097ಕ್ಕೆ ಫೋನ್ ಮಾಡಿ ಕೇಳಿ. ಅಲ್ಲಿ ಔಷಧಿ ಕಿಟ್‌ಗಳಿಗೆ ಬಣ್ಣದ ಗುರುತು ಇಟ್ಟಿದಾರೆ, ಹರ್ಪಿಸ್‌ನದ್ದು 5ನೇ ನಂಬರಿನ ಕೆಂಪು ಕಿಟ್, 400 ಮಿಲಿಗ್ರಾಂ ಎಸೈಕ್ಲೋವಿರ್, ದಿನಕ್ಕೆ ಮೂರು ಹೊತ್ತು, ಏಳು ದಿನ, ಪೂರ್ತಿ ಉಚಿತ.