ನರಹುಲಿ: ಬೇರು ಹುಡುಕಬೇಡಿ, ಗೆರೆ ನೋಡಿ

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಕುತ್ತಿಗೆ, ಕಂಕುಳಲ್ಲಿ ಜೋತಾಡುವ ಮೆತ್ತನೆಯ ಚರ್ಮದ ಎಳೆಗೂ ನಮ್ಮಲ್ಲಿ ನರಹುಲಿ ಅನ್ನುತ್ತಾರೆ, ಬೆರಳ ಮೇಲೆ ಹೂಕೋಸಿನಂತೆ ಒರಟಾಗಿ ಏಳುವ ಗಂಟಿಗೂ ಅದೇ ಹೆಸರು. ಮೊದಲನೆಯದು ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದಲ್ಲ, ಅದಕ್ಕೆ ಕೆಳಗೆ ಹೇಳಿರುವ ಔಷಧ ಹಚ್ಚಲೇಬಾರದು. ಈ ಟಿಪ್ಪಣಿ ಎರಡನೆಯದರ ಬಗ್ಗೆ ಮಾತ್ರ.

ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿನ ನರಹುಲಿಗೆ ಹೆಚ್ಚಾಗಿ 1, 2, 4, 27, 57ನೇ ಬಗೆಗಳು ಕಾರಣ. ಗರ್ಭಕಂಠದ ಕ್ಯಾನ್ಸರಿಗೆ ಮುಖ್ಯ ಕಾರಣವಾಗುವ 16, 18 ಬೇರೆ. ಬೆರಳಿನ ಗಂಟು ನೋಡಿ ಕ್ಯಾನ್ಸರ್ ಅಂತ ಹೆದರುವವರಿಗೆ ಇದನ್ನು ಬಿಡಿಸಿ ಹೇಳಬೇಕು.

ವೈರಸ್ ಒಳಹೋಗಲು ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಸಾಕು. ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವ ಬೆರಳು, ಮಳೆಗಾಲದಲ್ಲಿ ಗದ್ದೆಯ ಕೆಸರಲ್ಲಿ ನೆನೆದು ಬೆಳ್ಳಗಾದ ಅಂಗಾಲು, ಹಲ್ಲಿನಿಂದ ಕಚ್ಚಿದ ಉಗುರಿನ ಅಂಚು, ಎಲ್ಲವೂ ಅದಕ್ಕೆ ತೆರೆದ ಬಾಗಿಲು. ಒಳಹೊಕ್ಕ ಮೇಲೆ ಗಂಟು ಕಾಣಲು ಸಾಮಾನ್ಯವಾಗಿ ಕೆಲವು ತಿಂಗಳು ಬೇಕು. ಹಾಗಾಗಿ "ನಿನ್ನೆ ಯಾರನ್ನು ಮುಟ್ಟಿದೆ" ಅಂತ ಹುಡುಕುವುದರಿಂದ ಪ್ರಯೋಜನವಿಲ್ಲ.

ಬೇರು ಎಂಬ ತಪ್ಪು ತಿಳಿವಳಿಕೆ

ಹೆಚ್ಚಿನವರು ಎಡವುವುದು ಇಲ್ಲೇ. ಅಂಗಾಲಿನ ನರಹುಲಿಯನ್ನು ಕೆರೆದಾಗ ಕಪ್ಪು ಚುಕ್ಕೆಗಳು ಕಾಣುತ್ತವೆ. ಅದನ್ನು ಬೇರು ಅಂದುಕೊಂಡು ಸೂಜಿ, ಬ್ಲೇಡಿನಿಂದ ಅಗೆಯುತ್ತಾರೆ. ಅವು ಬೇರಲ್ಲ, ರಕ್ತ ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳ ತುದಿ. ನರಹುಲಿ ಇರುವುದು ಚರ್ಮದ ಮೇಲ್ಪದರದಲ್ಲಿ ಮಾತ್ರ. ಎಷ್ಟು ದಪ್ಪವಾದರೂ ಅದು ಕೆಳಗಿನ ಪದರವನ್ನು ಒತ್ತುತ್ತದೆಯೇ ಹೊರತು ತೂರಿಕೊಂಡು ಹೋಗುವುದಿಲ್ಲ. ಅಗೆದರೆ ಸಿಗುವುದು ರಕ್ತ, ಕಲೆ, ಮತ್ತು ಸುತ್ತ ಹರಡಿದ ಹೊಸ ಗಂಟುಗಳು. ಹೆಸರಲ್ಲಿ ನರ ಇದ್ದರೂ ನರಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೇಲ್ಪದರದಲ್ಲೇ ಉಳಿಯುವುದರಿಂದ ಇನ್ನೊಂದು ಪರಿಣಾಮವಿದೆ. ವೈರಸ್ ರಕ್ತಕ್ಕೆ ಇಳಿಯುವುದಿಲ್ಲ, ಜೀವಕೋಶವನ್ನು ಸಿಡಿಸುವುದೂ ಇಲ್ಲ. ಉದುರುವ ಹೊಟ್ಟಿನ ಜೊತೆ ಸದ್ದಿಲ್ಲದೆ ಹೊರಬೀಳುತ್ತದೆ. ಅದಕ್ಕೇ ದೇಹದ ರೋಗನಿರೋಧಕ ಶಕ್ತಿ ಎಚ್ಚರವಾಗುವುದು ತಡ. ಎಚ್ಚರವಾದ ಮೇಲೆ ತಾನಾಗಿಯೇ ಹೋಗುತ್ತದೆ. ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ಮಾಯವಾಗುತ್ತವೆ. ನೋವಿಲ್ಲದಿದ್ದರೆ ಸುಮ್ಮನೆ ಬಿಡುವುದೂ ಒಂದು ಚಿಕಿತ್ಸೆ.

ಆಣಿಯೋ ನರಹುಲಿಯೋ

ಟಾರ್ಚನ್ನು ಓರೆಯಾಗಿ ಹಿಡಿದು ಅಂಗಾಲಿನ ಗೆರೆಗಳನ್ನು ನೋಡಿ. ಒತ್ತಡದಿಂದ ದಡ್ಡುಗಟ್ಟಿದ ಚರ್ಮದ ಮೇಲೆ ಗೆರೆ ಹಾಗೇ ಹಾದುಹೋಗುತ್ತದೆ. ನರಹುಲಿಯಲ್ಲಿ ಗೆರೆ ಅಂಚಿಗೆ ಬಂದು ನಿಂತು, ಪಕ್ಕಕ್ಕೆ ಸರಿದು, ಆಚೆ ಮತ್ತೆ ಶುರುವಾಗುತ್ತದೆ. ಎರಡನೇ ಪರೀಕ್ಷೆ: ಆಣಿ ಮೇಲಿನಿಂದ ಒತ್ತಿದರೆ ನೋಯುತ್ತದೆ, ನರಹುಲಿ ಎರಡೂ ಬದಿಯಿಂದ ಹಿಂಡಿದರೆ ಹೆಚ್ಚು ನೋಯುತ್ತದೆ. ಗೆರೆಯ ಪರೀಕ್ಷೆಯನ್ನು ಚೆನ್ನಾಗಿ ರೂಢಿಸಿಕೊಳ್ಳಿ, ಚಿಕಿತ್ಸೆ ಯಾವಾಗ ನಿಲ್ಲಿಸಬೇಕು ಅನ್ನುವುದನ್ನೂ ಅದೇ ಹೇಳುತ್ತದೆ.

ಸ್ಯಾಲಿಸಿಲಿಕ್ ಆಮ್ಲ

ಔಷಧದಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಶೇ 17ರ ಆಸುಪಾಸಿನ ದ್ರಾವಣ, ಜೊತೆಗೆ ಲ್ಯಾಕ್ಟಿಕ್ ಆಮ್ಲವೂ ಇರುವುದುಂಟು. ರಾತ್ರಿ 5ರಿಂದ 10 ನಿಮಿಷ ಬಿಸಿನೀರಲ್ಲಿ ನೆನೆಸಿ, ಒರೆಸಿ. ಮೇಲಿನ ಸತ್ತ ಚರ್ಮವನ್ನು ಉಗುರು ಉಜ್ಜುವ ಒರಟು ಪಟ್ಟಿಯಿಂದ ಉಜ್ಜಿ ತೆಗೆಯಿರಿ. ಸುತ್ತ ವ್ಯಾಸಲೀನ್ ಹಚ್ಚಿ. ಕಡ್ಡಿಯ ತುದಿಯಿಂದ ಗಂಟಿನ ಮೇಲೆ ಮಾತ್ರ ಒಂದು ಹನಿ ಇಡಿ. ಉಗುರುಬಣ್ಣದ ಹಾಗೆ ಪೊರೆ ಕಟ್ಟಿದ ಮೇಲೆ ಪ್ಲಾಸ್ಟರ್ ಅಂಟಿಸಿ. ಹೀಗೆ ದಿನವೂ, 12 ವಾರದವರೆಗೆ. ಸೀಸೆಯಲ್ಲಿ ಕೊಲೋಡಿಯನ್ (ಒಣಗಿ ಪೊರೆ ಕಟ್ಟುವ ದ್ರವ) ಇದ್ದರೆ ಬೇಗ ಹೊತ್ತಿಕೊಳ್ಳುತ್ತದೆ. ಹಂಡೆಯ ಒಲೆ ಉರಿಯುತ್ತಿರುವ ಬಚ್ಚಲಲ್ಲಿ ಮುಚ್ಚಳ ತೆರೆಯಬೇಡಿ.

"ಎರಡು ತಿಂಗಳು ಹಚ್ಚಿದೆ, ಏನೂ ಆಗಲಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ಬಿಟ್ಟಿರುವುದು ಉಜ್ಜುವ ಹಂತವನ್ನು. ಆಮ್ಲ ಸತ್ತ ಕೋಶಗಳ ನಡುವಿನ ಅಂಟನ್ನು ಸಡಿಲಿಸುತ್ತದೆ. ಮರುದಿನ ಅಲ್ಲಿ ನೆನೆದ ಕಾಗದದಂಥ ಬಿಳಿ ಪದರ ಇರುತ್ತದೆ. ಅದನ್ನು ತೆಗೆಯದೆ ಇನ್ನೊಂದು ಹನಿ ಇಟ್ಟರೆ ಆಮ್ಲ ಆ ಬಿಳಿ ಪದರದಲ್ಲೇ ಇಂಗುತ್ತದೆ, ಕೆಳಗಿನ ಗಂಟಿಗೆ ತಲುಪುವುದೇ ಇಲ್ಲ. ಎಷ್ಟು ಉಜ್ಜಬೇಕು? ಬಿಳಿ ಹೋಗಿ ನಸುಗೆಂಪು ಕಾಣುವವರೆಗೆ, ರಕ್ತ ಬರುವ ಮುಂಚೆ. ರಕ್ತ ಬಂದರೆ, ಉರಿ ಎದ್ದರೆ ಎರಡು ಮೂರು ದಿನ ಬಿಡುವು ಕೊಡಿ. ಗಂಟು ಚಪ್ಪಟೆಯಾದ ಕೂಡಲೇ ನಿಲ್ಲಿಸಬೇಡಿ. ಮುರಿದ ಗೆರೆ ಮತ್ತೆ ಕೂಡಿ ನೇರವಾಗಿ ಹಾದುಹೋದಾಗ ನಿಲ್ಲಿಸಿ.

ಉಜ್ಜಿದ ಪಟ್ಟಿಯನ್ನು ಬೇರೆ ಕಡೆಗೆ, ಬೇರೆಯವರಿಗೆ ಬಳಸಬೇಡಿ. ಬಚ್ಚಲಲ್ಲಿ ಮನೆಯವರೆಲ್ಲ ಹಿಮ್ಮಡಿ ಉಜ್ಜುವ ಕಲ್ಲು ಇರುತ್ತದಲ್ಲ, ಅದನ್ನಂತೂ ಮುಟ್ಟಲೇಬೇಡಿ. ಈ ವೈರಸ್ಸಿಗೆ ಕೊಬ್ಬಿನ ಹೊರಹೊದಿಕೆ ಇಲ್ಲ, ಆದ್ದರಿಂದ ಒಣಗಿದರೂ ಸುಲಭಕ್ಕೆ ಸಾಯುವುದಿಲ್ಲ.

ಹಳ್ಳಿಮದ್ದು

ಸುಣ್ಣಕ್ಕೆ ವಾಷಿಂಗ್ ಸೋಡಾ ಕಲಸಿ ಹಚ್ಚುವ ರೂಢಿಯಿದೆ. ಈ ಎರಡೂ ನೀರಿನಲ್ಲಿ ಕೂಡಿದರೆ ಕಾಸ್ಟಿಕ್ ಸೋಡಾ ಆಗುತ್ತದೆ. ಗಂಟನ್ನು ಸುಡುತ್ತದೆ ನಿಜ, ಆದರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆಯೂ ಹಾಗೇ. ಅದರ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಸುತ್ತಲ ಚರ್ಮಕ್ಕೂ ಬೊಬ್ಬೆ ತರುತ್ತವೆ.

ಶೈತ್ಯ ಚಿಕಿತ್ಸೆ

ಮೈನಸ್ 196 ಡಿಗ್ರಿಯ ದ್ರವ ಸಾರಜನಕವನ್ನು, ಗಂಟಿನ ಸುತ್ತ 2 ಮಿಲಿಮೀಟರ್ ಬಿಳಿ ಅಂಚು ಮೂಡುವಂತೆ, ಸುಮಾರು 10 ಸೆಕೆಂಡು ಸಿಂಪಡಿಸುತ್ತಾರೆ. 2ರಿಂದ 3 ವಾರಕ್ಕೊಮ್ಮೆ ಮತ್ತೆ ಮಾಡಿಸಬೇಕು. ಬೊಬ್ಬೆ ಏಳುವುದು ಸಹಜ. ನಮ್ಮ ಮೈಬಣ್ಣದವರಿಗೆ ಬಿಳಿ ಅಥವಾ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು, ಇದನ್ನು ಮೊದಲೇ ಹೇಳಿಬಿಡಬೇಕು.

ಸಕ್ಕರೆ ಕಾಯಿಲೆಯವರು, ಕಾಲಿನ ಸ್ಪರ್ಶ ಕಡಿಮೆಯಾದವರು, ಮುಖ ಅಥವಾ ಜನನಾಂಗದ ಮೇಲೆ ಗಂಟಿರುವವರು ಮನೆಯಲ್ಲಿ ಆಮ್ಲ ಹಚ್ಚಬಾರದು. ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಹಚ್ಚಬೇಕು. ವಯಸ್ಸಾದವರಲ್ಲಿ ಹೊಸದಾಗಿ ಎದ್ದು, ಬೇಗ ಬೆಳೆದು, ತಾನಾಗಿ ರಕ್ತ ಸೋರುವ ಗಂಟಾದರೆ ಆ ವಾರವೇ ಚರ್ಮರೋಗ ತಜ್ಞರಿಗೆ ತೋರಿಸಿ. ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವವರು ಹಿಂದಿನ ದಿನ ಏನನ್ನೂ ಹಚ್ಚದೆ, ಕೆರೆಯದೆ ಹೋಗಲಿ. ಗೆರೆ ಹೇಗಿದೆಯೋ ಹಾಗೇ ವೈದ್ಯರಿಗೆ ಕಾಣಬೇಕು.